ಬಣ್ಣ ಬಾರದ ಬಟ್ಟಲು

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕನ್ನಡಕದವಳು ಅಂತಲೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ, ಅಂಚು ಕೊರೆದು, ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಇಪ್ಪತ್ತು ವರ್ಷದಿಂದ ಅದೇ ಕೋಣೆ, ಅದೇ ಕುಂಟು ಸ್ಟೂಲು. ಗುರುವಾರ ಮಾತ್ರ ಅಂಗಡಿ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಅರ್ಧ ದಿನ ರಜ ಸಿಕ್ಕಿತಲ್ಲ ಅಂತ ಕಾಲು ಚಾಚಿ ನಿದ್ದೆ ಹೊಡೆಯುತ್ತಿದ್ದರು. ಇವಳು ಚೀಲ ಹೆಗಲಿಗೆ ಹಾಕಿಕೊಂಡು ಮೂರು ಬೀದಿ ಆಚೆಗಿನ ದೊಡ್ಡಮ್ಮನ ಮನೆಗೆ ಹೋಗಿ, ಮೈಕ್ರೋಸ್ಕೋಪಿನ ಮುಂದೆ ಕೂತುಬಿಡುತ್ತಿದ್ದಳು. ಬೆಳಗಿನಿಂದ ಗಾಜು ನೋಡಿ ದಣಿದ ಕಣ್ಣು ಸಂಜೆಯ ತನಕ ಮತ್ತೆ ಗಾಜನ್ನೇ ನೋಡಬೇಕು. ಏನು ಮಾಡುತ್ತೀರಿ, ಕೆಲವರ ಹಣೆಬರಹವೇ ಹಾಗೆ.

ದೊಡ್ಡಮ್ಮ ಅಂದರೆ ಅವಳ ಅಮ್ಮನ ಅಕ್ಕ. ವಯಸ್ಸು ಎಂಬತ್ತಕ್ಕೆ ಒಂದು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ. ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಮೊಳಕೆ ಎಣಿಸಿ ನಿವೃತ್ತಿಯಾದವಳು. ಅದು ಹೊಟ್ಟೆಪಾಡು. ಜೀವ ಇಟ್ಟುಕೊಂಡಿದ್ದು ಮಾತ್ರ ಬಟ್ಟಲಣಬೆಗಳ ಮೇಲೆ. ಅಣಬೆ ಅಂದ ಕೂಡಲೇ ನಿಮ್ಮ ಕಣ್ಣಿಗೆ ಕೊಡೆ ಬಂದಿರುತ್ತದೆ, ಅದನ್ನು ಪಕ್ಕಕ್ಕಿಡಿ. ಇವು ಎಳ್ಳುಕಾಳಿಗಿಂತ ಚಿಕ್ಕವು, ಕೊಳೆತ ಕಡ್ಡಿ, ಸತ್ತ ಗಿಡದ ಕಾಂಡ, ಒದ್ದೆ ಎಲೆಯ ಮೇಲೆ ಕೂತಿರುವ ಪುಟಾಣಿ ಬಟ್ಟಲುಗಳು. ಒದ್ದೆಯಿದ್ದಾಗ ಅರಳಿರುತ್ತವೆ, ಒಣಗಿದರೆ ಮುದುರಿ ಧೂಳಿನ ಕಣ ಆಗಿಬಿಡುತ್ತವೆ. ಬರಿಗಣ್ಣಿಗೆ ನೂರು ಜಾತಿಯೂ ಒಂದೇ ಬಿಳಿ ಚುಕ್ಕೆ. ಯಾವುದು ಯಾವುದು ಅಂತ ಹೇಳಬೇಕಾದರೆ ಬ್ಲೇಡಿನಲ್ಲಿ ಸೀಳಿ, ಒಂದು ಹನಿ ನೀರಿನಲ್ಲಿಟ್ಟು, ಮೇಲೆ ತೆಳುಗಾಜು ಮುಚ್ಚಿ, ಪೆನ್ಸಿಲ್ಲಿನ ಹಿಂಭಾಗದ ರಬ್ಬರಿನಿಂದ ಮೆತ್ತಗೆ ಒತ್ತಿ, ಸಾವಿರ ಪಟ್ಟು ದೊಡ್ಡದು ಮಾಡಿ ನೋಡಬೇಕು. ಆಗ ಬಟ್ಟಲಿನ ಹೊರಮೈಯ ಕೂದಲು ಕಾಣುತ್ತದೆ. ಒಳಗೆ ಒತ್ತೊತ್ತಾಗಿ ನಿಂತ ಉದ್ದನೆಯ ಸಂಚಿಗಳು ಕಾಣುತ್ತವೆ, ಪ್ರತಿ ಸಂಚಿಯಲ್ಲೂ ಎಂಟೆಂಟು ಬೀಜಕಣ. ಆ ಕಣದೊಳಗೆ ಎಣ್ಣೆಯ ಹನಿ ಒಂದೋ ಎರಡೋ ಅಂತ ಎಣಿಸಿಕೊಂಡು ಒಂದು ಇಡೀ ಮಧ್ಯಾಹ್ನ ಕಳೆಯುವವರು ಲೋಕದಲ್ಲಿದ್ದಾರೆ. ಅಂಥವರಲ್ಲಿ ಇಬ್ಬರು ಈ ಮನೆಯಲ್ಲಿದ್ದರು.

ಇಬ್ಬರು ಅಂದರೂ ಕಣ್ಣು ಒಬ್ಬಳದೇ. ನಾಲ್ಕು ವರ್ಷದ ಹಿಂದೆ ದೊಡ್ಡಮ್ಮನ ಎರಡೂ ಕಣ್ಣಿನ ನೋಟದ ನಡುಭಾಗ ಹೋಯಿತು. ಬಾಗಿಲಿನ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ. ಡಾಕ್ಟರು ಕೈ ಚೆಲ್ಲಿದರು. ಊರಿಗೆಲ್ಲ ಕನ್ನಡಕ ಕೂರಿಸಿ ಕಳಿಸುವ ತನಗೆ ದೊಡ್ಡಮ್ಮನ ಕಣ್ಣಿಗೆ ಒಂದು ಗಾಜು ಉಜ್ಜಿಕೊಡೋಕಾಗಲಿಲ್ಲವಲ್ಲ ಅನ್ನುವುದು ಕನ್ನಡಕದವಳ ಹೊಟ್ಟೆಯಲ್ಲಿ ಇವತ್ತಿಗೂ ಉರಿಯುತ್ತದೆ. ಹಾಗಾಗಿ ಇವಳು ನೋಡುವುದು, ಅವಳು ಕೇಳುವುದು ಅಂತ ಆಯಿತು. ದೊಡ್ಡಮ್ಮ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಒಂದೊಂದೇ ಪ್ರಶ್ನೆ ಹಾಕುವಳು. ಕೂದಲು ನುಣುಪೋ ಒರಟೋ, ತುದಿ ಚೂಪೋ ಮೊಂಡೋ, ಕಣದ ಉದ್ದ ಎಷ್ಟು, ಅಗಲ ಎಷ್ಟು. ಇವಳು ಕಣ್ಣು ಕೊಳವೆಯಿಂದ ತೆಗೆಯದೆ ಉತ್ತರ ಕೊಡುವಳು. ಅವರಿಬ್ಬರ ನಡುವೆ ಇದ್ದ ಕಾನೂನು ಒಂದೇ, ಕಂಡದ್ದನ್ನು ಹೇಳು, ಗೊತ್ತಿರುವುದನ್ನು ಹೇಳಬೇಡ. ಮೊದಲ ವರ್ಷ ಒಂದು ಸಲ ಇವಳು ಎರಡು ಹನಿ ಕಂಡು, ಪುಸ್ತಕದಲ್ಲಿ ಒಂದು ಅಂತಿದೆಯಲ್ಲ ಅಂದುಕೊಂಡು ಒಂದು ಅಂದಿದ್ದಳು. ಅದು ಹೊರಬಿದ್ದ ದಿನ ದೊಡ್ಡಮ್ಮ ಚಹಾ ಕೂಡ ಕೊಡದೆ ಮನೆಗೆ ಕಳಿಸಿದ್ದಳು.

ಈಗ ಅಮ್ಮನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕನ್ನಡಕದವಳ ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವಳು. ಅಣಬೆಯ ಗಂಧಗಾಳಿ ಇಲ್ಲ. ಮೂವತ್ತಮೂರು ವರ್ಷದ ಹಿಂದೆ ಒಂದು ದಿನ, ಲಾಂಡ್ರಿಯ ಬಿಸಿನೀರು ಹರಿದುಹೋಗುವ ಮೋರಿಯ ಪಕ್ಕ ಬಿದ್ದಿದ್ದ ಒಂದು ಕಡ್ಡಿಯನ್ನು ಸೋಪಿನ ಡಬ್ಬಿಯಲ್ಲಿಟ್ಟುಕೊಂಡು ಬಂದು ಅಕ್ಕನ ಮೇಜಿನ ಮೇಲಿಟ್ಟಳು. ಕಡ್ಡಿಯ ಮೇಲೆ ಸಾಲಾಗಿ ಬಿಳಿ ಬಟ್ಟಲುಗಳು. ದೊಡ್ಡಮ್ಮ ನೋಡಿದಳು. ಊರೂರಲ್ಲೂ ಸಿಗುವ ಮಾಮೂಲಿ ಬಿಳಿ ಬಟ್ಟಲಿನ ಹಾಗೇ ಇತ್ತು, ಒಂದು ವ್ಯತ್ಯಾಸ ಬಿಟ್ಟು. ಮಾಮೂಲಿಯದಕ್ಕೆ ಅಯೋಡಿನ್ ತಾಗಿಸಿದರೆ ಸಂಚಿಯ ತುದಿಯಲ್ಲಿ ಸಣ್ಣ ನೀಲಿ ಉಂಗುರ ಮೂಡುತ್ತದೆ ಅಂತ ಪುಸ್ತಕಗಳೆಲ್ಲ ಹೇಳುತ್ತವೆ. ಇದಕ್ಕೆ ಎಷ್ಟು ಸಲ ಹಾಕಿದರೂ ಬಣ್ಣವೇ ಬರಲಿಲ್ಲ. ದೊಡ್ಡಮ್ಮ ಒಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಇದು ಹೊಸ ಜಾತಿ ಅಂತ ಬರೆದಳು. ಹೆಸರಿಡುವಾಗ ತಂಗಿಯ ಹೆಸರಿಗೇ ಲ್ಯಾಟಿನ್ನಿನ ಬಾಲ ಕಟ್ಟಿದಳು. ಅಚ್ಚಾಗಿ ಬಂದ ಪುಸ್ತಕ ಕೈಗೆ ಬಂದಾಗ ಅಮ್ಮ ನಕ್ಕು ನಕ್ಕು ಸುಸ್ತಾದಳಂತೆ. ಅದಾಗಿ ಎರಡು ವರ್ಷಕ್ಕೆ ಅಮ್ಮ ಹೋದಳು, ಹೊಟ್ಟೆಯೊಳಗೆ ಏನೋ ಬೆಳೆದು. ಆಗ ಕನ್ನಡಕದವಳಿಗೆ ಹನ್ನೊಂದು ವರ್ಷ. ಅಲ್ಲಿಂದ ಮುಂದೆ ಸಾಕಿದವಳು ದೊಡ್ಡಮ್ಮನೇ.

ಅಮ್ಮನದು ಅಂತ ಉಳಿದದ್ದು ಹೆಚ್ಚೇನಿಲ್ಲ. ಎರಡು ಫೋಟೋ, ಒಂದು ಕೈಗಡಿಯಾರ, ಮತ್ತೆ ಈ ಬಟ್ಟಲಿನ ಹೆಸರು. ಲಾಂಡ್ರಿಯಲ್ಲಿ ಯಾರ್ಯಾರದೋ ಅಂಗಿ ತೀಡಿ ಸತ್ತ ಹೆಂಗಸಿನ ಹೆಸರು ಲೋಕದ ಪುಸ್ತಕಗಳಲ್ಲಿ ಇದೆಯಲ್ಲ ಅನ್ನುವುದು ಮಗಳಿಗೆ ಎಂಥ ಹೆಮ್ಮೆ ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಒಂದು ಕಾಗದ ಬಂತು. ಸಣ್ಣ ಬಟ್ಟಲಣಬೆಗಳ ಮೇಲೆ ದೊಡ್ಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ, ನಿಮ್ಮ ಜಾತಿಗೆ ಒಂದು ಇಡೀ ಪುಟ ಇಟ್ಟಿದ್ದೇವೆ, ಆದರೆ ನೀವು ಬರೆದದ್ದು ತುಂಬ ಹಳೆಯದಾಯಿತು, ತಾಜಾ ಬಟ್ಟಲು ಹುಡುಕಿ ಮತ್ತೊಮ್ಮೆ ಪರೀಕ್ಷಿಸಿ ತಿಂಗಳ ಕೊನೆಯೊಳಗೆ ಕಳಿಸಿ ಅಂತ ಸಂಪಾದಕರು ಬರೆದಿದ್ದರು. ದೊಡ್ಡಮ್ಮ ಆ ಕಾಗದವನ್ನು ಮೂರು ಸಲ ಓದಿಸಿಕೊಂಡಳು. ನನ್ನ ತಂಗಿಗೆ ಇಡೀ ಪುಟ, ಅಂತ ಒಬ್ಬಳೇ ಹೇಳಿಕೊಂಡಳು. ಆಮೇಲೆ ಒಣ ಕೆಮ್ಮು ಕೆಮ್ಮಿ, ಸುಮ್ಮನೆ ಕೂತಿದ್ದೀಯಲ್ಲ, ಹೋಗಿ ಹುಡುಕು ಅಂತ ಗದರಿದಳು.

ಹುಡುಕುವುದೇನು ಕಷ್ಟವಿರಲಿಲ್ಲ. ಬಸ್ಸು ತೊಳೆಯುವ ಅಂಗಳದ ಹಿಂದೆ, ಸದಾ ಒದ್ದೆಯಿರುವ ಗೋಡೆಯ ಬುಡದಲ್ಲಿ ಬಿದ್ದ ಕಡ್ಡಿಗಳ ತುಂಬ ಅವೇ ಬಟ್ಟಲು. ಪ್ರತಿ ವರ್ಷವೂ ಸಿಗುತ್ತಿದ್ದವು. ಮೊಣಕಾಲೂರಿ ಕೂತು, ಕೈಭೂತಗನ್ನಡಿ ಹಿಡಿದು ಕಡ್ಡಿ ಆರಿಸುವಾಗ ಕನ್ನಡಕದವಳಿಗೆ ಒಂದು ಯೋಚನೆ ಬಂತು. ಈ ಮೂವತ್ತಮೂರು ವರ್ಷದಲ್ಲಿ ಅಮ್ಮನ ಬಟ್ಟಲು ನೂರಾರು ಸಲ ಸಿಕ್ಕಿದೆ. ಮಾಮೂಲಿ ಬಿಳಿ ಬಟ್ಟಲು ಒಂದೇ ಒಂದು ಸಲವೂ ಸಿಕ್ಕಿಲ್ಲ. ಎಲ್ಲರಿಗೂ ಎಲ್ಲ ಕಡೆಯೂ ಸಿಗುವುದು ನಮಗೆ ಮಾತ್ರ ಯಾಕೆ ಸಿಗುವುದಿಲ್ಲ? ಇಷ್ಟು ದಿನ ಇದು ತಲೆಗೆ ಹೊಳೆದಿರಲಿಲ್ಲವಲ್ಲ ಅಂತ ಅವಳಿಗೇ ಆಶ್ಚರ್ಯವಾಯಿತು.

ಆ ರಾತ್ರಿ ಊಟ ಮಾಡುವಾಗ ಗಂಡನ ಹತ್ತಿರ ಹೇಳಿದಳು. ಗಂಡ ಲಿಫ್ಟ್ ರಿಪೇರಿಯವನು. ಹೆಂಡತಿಯ ಹವ್ಯಾಸಕ್ಕೆ ಬಟ್ಟಲು ಸಂಸಾರ ಅಂತ ಹೆಸರಿಟ್ಟು, ನಿಜವಾದ ಪಾತ್ರೆ ತೊಳೆಯುವ ಸಂಸಾರ ನನ್ನ ಪಾಲಿಗೆ ಬಂತು ಅಂತ ಗೊಣಗಿಕೊಂಡೇ ತೊಳೆಯುವಂಥ ಆಸಾಮಿ. ಅವನು ಅರ್ಧ ಕಿವಿ ಕೊಟ್ಟು ಕೇಳಿ, ನಿಮ್ಮದು ಬಣ್ಣ ಬರದಿದ್ದರೆ ಹೊಸದು, ಬಂದರೆ ಹಳೆಯದು, ಅಷ್ಟೇ ತಾನೇ ಅಂದ. ಅಷ್ಟೇ ಅಂದಳು. ಅವನು ತಟ್ಟೆ ಎತ್ತಿಕೊಂಡು ಏಳುತ್ತಾ, ಲಿಫ್ಟಿನಲ್ಲಿ ದೀಪ ಹತ್ತಲಿಲ್ಲ ಅಂದರೆ ಕರೆಂಟಿಲ್ಲ ಅಂತ ನಾವು ಹೇಳುವುದಿಲ್ಲ, ಮೊದಲು ಬಲ್ಬು ಬಿಚ್ಚಿ ನೋಡುತ್ತೇವೆ ಅಂದ. ಹೇಳಿದವನು ನಲ್ಲಿ ತಿರುಗಿಸಿ ಪಾತ್ರೆಗೆ ಕೈ ಹಾಕಿದ. ಕೇಳಿದವಳ ಕೈಯಲ್ಲಿ ತುತ್ತು ಹಾಗೇ ಉಳಿಯಿತು.

ಗುರುವಾರ ಬಂತು. ದೊಡ್ಡಮ್ಮನ ಅಯೋಡಿನ್ ಅಂದರೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅವಳ ಮೇಷ್ಟ್ರು ಹೇಳಿಕೊಟ್ಟ ಪಾಕ, ಅಯೋಡಿನ್ನಿನ ಜೊತೆ ಇನ್ನೊಂದು ಔಷಧಿ ಬೆರೆಸಿ ಗಟ್ಟಿಯಾಗಿ ಮಾಡಿದ್ದು. ಮೇಷ್ಟ್ರ ಬಾಟಲಿ ಅಂತಲೇ ಅದಕ್ಕೆ ಹೆಸರು. ಆವತ್ತು ನೋಡಿದರೆ ಬಾಟಲಿ ಒಣಗಿ ತಳದಲ್ಲಿ ಕಂದು ಕರೆ. ಆ ಔಷಧಿಯನ್ನು ಈಗ ಚೀಟಿಯಿಲ್ಲದೆ ಯಾರೂ ಕೊಡುವುದಿಲ್ಲ. ದೊಡ್ಡಮ್ಮ ಸಿಡಿಮಿಡಿಗೊಂಡು, ಎದುರುಗಡೆ ಹಲ್ಲಿನ ಡಾಕ್ಟರ ಹತ್ತಿರ ಸಾದಾ ಅಯೋಡಿನ್ ಇಸ್ಕೊಂಡು ಬಾ, ಅಯೋಡಿನ್ ಅಂದರೆ ಅಯೋಡಿನ್ನೇ ಅಂದಳು. ಇವಳು ತಂದು, ನೀರು ಬೆರೆಸಿ ತೆಳ್ಳಗೆ ಮಾಡಿ, ಕೆಲಸ ಶುರುಮಾಡಿದಳು. ಕೂದಲು ಒರಟು, ಸರಿ. ಕಣ ನೂಲುವ ಕದಿರಿನ ಆಕಾರ, ಸರಿ. ಒಳಗೆ ಎಣ್ಣೆ ಹನಿ ಎರಡು, ತುದಿಗೊಂದು, ಸರಿ. ದೊಡ್ಡಮ್ಮನ ಮುಖ ಅರಳುತ್ತಾ ಬಂತು.

"ಈಗ ಅಯೋಡಿನ್ ಬಿಡು," ಅಂದಳು.

ಕನ್ನಡಕದವಳು ತೆಳುಗಾಜಿನ ಒಂದು ಅಂಚಿಗೆ ಹನಿ ಇಟ್ಟು, ಇನ್ನೊಂದು ಅಂಚಿನಿಂದ ಕಾಗದದ ತುಂಡಿನಲ್ಲಿ ನೀರು ಹೀರಿದಳು. ಹಳದಿ ನೀರು ನಿಧಾನವಾಗಿ ಒಳಗೆ ಹರಿಯಿತು. ಸಂಚಿಗಳ ತುದಿ ಒಂದೊಂದಾಗಿ ಕೆಂಪಾದವು. ಕೆಂಪು ಅಂದರೆ ಕಡುಗೆಂಪಲ್ಲ, ಹಳೆಯ ಇಟ್ಟಿಗೆಯ ಬಣ್ಣ. ಆದರೆ ಬಣ್ಣವೇ, ತುದಿಯಲ್ಲೇ, ಉಂಗುರದ ಜಾಗದಲ್ಲೇ. ನೀಲಿ ಬಂತಾ ಅಂತ ಕುರ್ಚಿಯಿಂದ ಪ್ರಶ್ನೆ ಬಂತು. ನೀಲಿ ಬರಲಿಲ್ಲ ದೊಡ್ಡಮ್ಮ, ಅಂದುಬಿಟ್ಟಳು. ಮಾತು ಸುಳ್ಳಲ್ಲ. ಆದರೆ ಅವಳು ಕಂಡದ್ದೂ ಅದಲ್ಲ. ದೊಡ್ಡಮ್ಮ ಉಸ್ಸಪ್ಪಾ ಅಂತ ಕುರ್ಚಿಗೊರಗಿ, ತಂಗಿ ಇವತ್ತಿದ್ದಿದ್ದರೆ ಎಷ್ಟು ನಗುತ್ತಿದ್ದಳೋ ಅಂದಳು. ಇವಳು ಗಾಜು ತೊಳೆಯುವ ನೆಪದಲ್ಲಿ ಎದ್ದುಹೋದಳು.

ಆ ವಾರವೆಲ್ಲ ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಒಬ್ಬರ ಗಾಜನ್ನು ಇನ್ನೊಬ್ಬರ ಚೌಕಟ್ಟಿಗೆ ಹಾಕಿ ಬೈಸಿಕೊಂಡಳು. ಮಧ್ಯಾಹ್ನದ ಬಿಡುವಿನಲ್ಲಿ ದೊಡ್ಡಮ್ಮನ ಕಪಾಟಿನಿಂದ ತಂದಿದ್ದ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದಳು. ಒಂದು ಪುಸ್ತಕದ ಅಡಿಟಿಪ್ಪಣಿಯಲ್ಲಿ ಸಿಕ್ಕಿತು. ಕೆಲವು ಬಟ್ಟಲುಗಳ ತುದಿ ಸಾದಾ ಅಯೋಡಿನ್ನಿಗೆ ಕೆಂಪಾಗುತ್ತದೆ, ಗಟ್ಟಿ ಪಾಕಕ್ಕೆ ಯಾವ ಬಣ್ಣವೂ ಬರುವುದಿಲ್ಲ. ಮೊದಲು ಕ್ಷಾರದಲ್ಲಿ ತೊಳೆದು ಆಮೇಲೆ ಅಯೋಡಿನ್ ಹಾಕಿದರೆ ಯಾವುದೇ ಪಾಕವಾದರೂ ನೀಲಿಯೇ. ಓದಿ ಅವಳಿಗೆ ಅರಿವಾಯಿತು. ಮಾಮೂಲಿಯದಕ್ಕೆ ನೀಲಿ ಅಂತ ಬರೆದವರೆಲ್ಲ ಮೊದಲು ಕ್ಷಾರ ಹಾಕಿ ನೋಡಿದವರು. ದೊಡ್ಡಮ್ಮ ಜನ್ಮದಲ್ಲಿ ಕ್ಷಾರ ಮುಟ್ಟಿದವಳಲ್ಲ. ಮುಟ್ಟುವುದಿಲ್ಲ ಅನ್ನುವುದೇ ಅವಳ ಹೆಮ್ಮೆ. ಕ್ಷಾರ ಹಾಕಿದರೆ ಜೀವಕೋಶ ಸಾಯುತ್ತದೆ, ಎಣ್ಣೆ ಹನಿ ಕಲಸಿಹೋಗುತ್ತದೆ, ಹೆಣ ನೋಡಿ ಮನುಷ್ಯನ ಗುಣ ಬರೆಯುವ ಹಾಗೆ, ಅಂತ ಬೇರೆಯವರನ್ನು ಹೀಯಾಳಿಸುತ್ತಿದ್ದಳು. ಅವಳು ಹೇಳುತ್ತಿದ್ದುದು ನೂರಕ್ಕೆ ತೊಂಬತ್ತು ಪಾಲು ಸರಿಯೇ. ಉಳಿದ ಹತ್ತು ಪಾಲಿನಲ್ಲಿ ಅಮ್ಮನ ಹೆಸರು ಕೂತಿತ್ತು.

ಕ್ಷಾರಕ್ಕೆ ಅವಳು ದೂರ ಹೋಗಬೇಕಾಗಿರಲಿಲ್ಲ. ಗಾಜಿನ ಮೇಲಿನ ಹಳೆಯ ಲೇಪ ತೆಗೆಯಲು ಅಂಗಡಿಯಲ್ಲೇ ಒಂದು ಬಾಟಲಿ ಇತ್ತು. ಮುಂದಿನ ಗುರುವಾರ ಅದನ್ನು ಔಷಧಿಯ ಪುಟ್ಟ ಸೀಸೆಗೆ ತುಂಬಿಕೊಂಡು ಹೋದಳು, ಕಳ್ಳಿಯ ಹಾಗೆ. ದೊಡ್ಡಮ್ಮ ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗಿ ಚಹಾ ಇಡುವಷ್ಟರಲ್ಲಿ ಬಸ್ಸಂಗಳದ ಬಟ್ಟಲನ್ನು ಸೀಳಿ, ಕ್ಷಾರ ಹಾಕಿ, ತೊಳೆದು, ಅಯೋಡಿನ್ ಬಿಟ್ಟಳು. ನೀಲಿ. ಅನುಮಾನಕ್ಕೆ ಎಡೆಯೇ ಇಲ್ಲದ ನೀಲಿ, ಒಂದೊಂದು ಸಂಚಿಯ ತುದಿಯಲ್ಲೂ ಒಂದೊಂದು ಉಂಗುರ. ಅಂಥ ಸಂಕಟದಲ್ಲೂ ಅವಳು ಅರೆಕ್ಷಣ ಅದರ ಚೆಂದಕ್ಕೆ ಬೆರಗಾಗಿ ನೋಡಿದಳು, ಆ ಮಾತು ಮುಚ್ಚಿಡುವುದಿಲ್ಲ. ಆಮೇಲೆ ಮನಸ್ಸು ಒಂದು ಕೊನೆಯ ಹುಲ್ಲುಕಡ್ಡಿ ಹಿಡಿಯಿತು. ಇದು ಬಸ್ಸಂಗಳದ್ದು. ಇದು ಮಾಮೂಲಿಯದೇ ಆಗಿರಲಿ. ಅಮ್ಮ ತಂದದ್ದು ಬೇರೆ ಇರಬಹುದಲ್ಲ?

ಅಮ್ಮ ತಂದ ಆ ಕಡ್ಡಿಯ ಬಟ್ಟಲುಗಳು ಇನ್ನೂ ಇದ್ದವು. ಹೆಸರಿಟ್ಟ ಮೊದಲ ಮಾದರಿಯನ್ನು ಈ ಜನ ಕಣ್ಣರೆಪ್ಪೆಯ ಹಾಗೆ ಕಾಪಾಡುತ್ತಾರೆ. ಮಾದರಿಗಳನ್ನು ತುಂಬಿಟ್ಟ ಚಪ್ಪಲಿ ಡಬ್ಬಿಗಳ ಸಾಲಿನಲ್ಲಿ ಅದೊಂದಕ್ಕೆ ಮಾತ್ರ ತಗಡಿನ ಪೆಟ್ಟಿಗೆ, ಒಳಗೆ ಮಡಿಸಿದ ಕಾಗದದ ಪೊಟ್ಟಣ. ಪೊಟ್ಟಣದಲ್ಲಿ ಉಳಿದದ್ದು ಏಳೇ ಬಟ್ಟಲು, ಒಂದು ಸಲ ಪರೀಕ್ಷಿಸಿದರೆ ಒಂದು ಬಟ್ಟಲು ಹೋದ ಹಾಗೆ. ಪುಟಕ್ಕೆ ಹೋಲಿಕೆ ಬರೆಯಬೇಕಲ್ಲ, ಒಂದು ತೆಗೆಯಲಾ ಅಂತ ಕೇಳಿದಳು. ದೊಡ್ಡಮ್ಮ ತುಂಬ ಹೊತ್ತು ಯೋಚಿಸಿ, ಒಂದೇ, ಕೈ ನಡುಗಿಸಬೇಡ ಅಂದಳು.

ಪೊಟ್ಟಣದ ಮೇಲೆ ಅಮ್ಮನ ಕೈಬರಹ. ಇಸ್ತ್ರಿ ಬಟ್ಟೆಗೆ ಚೀಟಿ ಬರೆಯುವವರ ದುಂಡು ಅಕ್ಷರ. ಮೇಲೆ ಅವಳ ಹೆಸರು, ತಾರೀಕು. ಕೆಳಗೆ, ಲಾಂಡ್ರಿ ಹಿಂದೆ ಮೋರಿ ಪಕ್ಕ, ಒದ್ದೆ ಕಡ್ಡಿ ಮೇಲೆ, ಬೆಳ್ಳಗಿದೆ, ನೋಡೋಕೆ ಚೆನ್ನಾಗಿದೆ. ಅದರಡಿ ಇನ್ನೊಂದು ಚೀಟಿ, ದೊಡ್ಡಮ್ಮನ ಓರೆ ಅಕ್ಷರದಲ್ಲಿ ಬಟ್ಟಲಿನ ಲ್ಯಾಟಿನ್ ಹೆಸರು, ಅಯೋಡಿನ್: ಬಣ್ಣ ಇಲ್ಲ, ಕೊನೆಗೆ ದೊಡ್ಡಮ್ಮನದೇ ಹೆಸರು. ಕನ್ನಡಕದವಳು ಸೂಜಿಯ ತುದಿಯಲ್ಲಿ ಒಂದು ಬಟ್ಟಲನ್ನು ಎತ್ತಿ ನೀರಿಗಿಟ್ಟಳು. ಮೂವತ್ತಮೂರು ವರ್ಷ ಒಣಗಿದ್ದ ಧೂಳಿನ ಕಣ ಹತ್ತು ನಿಮಿಷದಲ್ಲಿ ಊದಿ ಅರಳಿತು. ಸೀಳಿದಳು. ಮೊದಲು ಸಾದಾ ಅಯೋಡಿನ್, ಇಟ್ಟಿಗೆ ಕೆಂಪು. ಆಮೇಲೆ ಉಳಿದರ್ಧಕ್ಕೆ ಕ್ಷಾರ, ಆಮೇಲೆ ಅಯೋಡಿನ್. ಮನಸ್ಸಿನಲ್ಲಿ ಬೇಡ, ಬೇಡ, ಬೇಡ ಅಂದುಕೊಂಡೇ ಕಣ್ಣಿಟ್ಟಳು. ನೀಲಿ ಬಂತು.

ನೋಡುತ್ತಲೇ ಇದ್ದಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು.

"ಏನು ಕಾಣಿಸ್ತು, ಮರಿ?" ಅಂದಳು ದೊಡ್ಡಮ್ಮ.

"ಏನಿಲ್ಲ. ಬಣ್ಣ ಇಲ್ಲ."

"ಬಣ್ಣ ಇಲ್ಲದ್ದನ್ನ ಇಷ್ಟು ಹೊತ್ತು ಯಾರೂ ನೋಡಲ್ಲ."

ಕನ್ನಡಕದವಳು ಕಣ್ಣು ತೆಗೆದು ತಿರುಗಿ ನೋಡಿದಳು. ಮುದುಕಿ ನೆಟ್ಟಗೆ ಕೂತಿದ್ದಳು. ಮುಖ ಇವಳ ಕಡೆ, ನೋಟ ಎಲ್ಲೋ ಪಕ್ಕಕ್ಕೆ, ಎದುರಿದ್ದವರನ್ನು ಕಣ್ಣಂಚಿನಲ್ಲಿ ಹಿಡಿಯಲು ಹಾಗೇ ತಿರುಗಿಸಿಕೊಳ್ಳುತ್ತಿದ್ದಳು ಅವಳು. ಇನ್ನು ತಡೆಯುವುದು ಆಗಲಿಲ್ಲ. ಎಲ್ಲ ಹೇಳಿಬಿಟ್ಟಳು. ಹೋದ ವಾರದ ಕೆಂಪು, ಅಡಿಟಿಪ್ಪಣಿ, ಸೀಸೆಯಲ್ಲಿ ತಂದ ಕ್ಷಾರ, ಬಸ್ಸಂಗಳದ ನೀಲಿ, ಈಗ ಅಮ್ಮನದರ ನೀಲಿ. ಹೇಳುತ್ತಾ ಹೇಳುತ್ತಾ ಅಳು ಬಂತು, ಅಳುತ್ತಲೇ ಹೇಳಿದಳು.

ದೊಡ್ಡಮ್ಮನಿಗೆ ಸಿಟ್ಟು ಬಂತು. ಅಣಬೆಯ ಮೇಲಲ್ಲ, ಹೆಸರು ಹೋಯಿತು ಅಂತಲೂ ಅಲ್ಲ.

"ನಂಗೆ ಕಣ್ಣು ಹೋದಾಗ ನಾನು ಅಳಲಿಲ್ಲ ಗೊತ್ತಾ? ನೀನಿದ್ದೀಯ ಅಂತ ಅಳಲಿಲ್ಲ. ಒಂದು ವಾರದಿಂದ ನಾನು ನಿಜವಾಗ್ಲೂ ಕುರುಡಿ ಆಗಿದ್ದೆ, ನಂಗೇ ಗೊತ್ತಿರಲಿಲ್ಲ."

ಇವಳು ತಪ್ಪಾಯಿತು ಅಂದಳು. ಅದು ಅಮ್ಮನ ಹೆಸರಲ್ವಾ, ನನ್ನ ಬಾಯಿಂದ ಹೇಗೆ ಅಳಿಸಲಿ ಅಂದಳು. ದೊಡ್ಡಮ್ಮ ಮುಖ ಆ ಕಡೆ ತಿರುಗಿಸಿ ಕೂತಳು. ಚಹಾ ತಣ್ಣಗಾಯಿತು. ಹೋಗು ಅಂತಾಳೋ ಅಂತ ಕನ್ನಡಕದವಳು ಚೀಲ ಮಡಿಲಲ್ಲಿಟ್ಟುಕೊಂಡು ಕಾದಳು. ಎಷ್ಟು ಹೊತ್ತಾಯಿತೋ, ಮುದುಕಿಯ ಬೆರಳುಗಳು ಕುರ್ಚಿಯ ಕೈಯ ಮೇಲೆ ಆಡತೊಡಗಿದವು. ಇವಳಿಗೆ ಆ ಬೆರಳು ಗೊತ್ತು. ಏನೋ ಒಂದು ಒಗಟು ತಲೆಗೆ ಹತ್ತಿದಾಗ ಮಾತ್ರ ಅವು ಹಾಗೆ ಆಡುತ್ತಿದ್ದವು.

"ಕೆಂಪು ಅಂದೆಯಲ್ಲ," ಅಂದಳು ಕೊನೆಗೆ, ಇನ್ನೂ ಆ ಕಡೆ ಮುಖ ಮಾಡಿಕೊಂಡೇ. "ಯಾವ ಕೆಂಪು?"

ಅಷ್ಟೇ ಸಾಕಾಯಿತು. ಇವಳು ಮೂಗು ಒರೆಸಿಕೊಂಡು ಮತ್ತೆ ಕೊಳವೆಗೆ ಕಣ್ಣಿಟ್ಟಳು. ಉಂಗುರ ಪೂರ್ತಿಯೋ ಮೇಲಂಚು ಮಾತ್ರವೋ, ಎಷ್ಟು ಹೊತ್ತಿಗೆ ಬಂತು, ನೀರು ಹೆಚ್ಚಿಸಿದರೆ ಏನಾಗುತ್ತದೆ, ಬಲಿತ ಸಂಚಿಗೂ ಎಳೆಯ ಸಂಚಿಗೂ ವ್ಯತ್ಯಾಸ ಇದೆಯೋ. ಪ್ರಶ್ನೆಗಳು ಮಳೆ ಸುರಿದ ಹಾಗೆ ಸುರಿದವು. ಆಮೇಲೆ ದೊಡ್ಡಮ್ಮ ಚಪ್ಪಲಿ ಡಬ್ಬಿಗಳನ್ನು ಇಳಿಸು ಅಂದಳು. ಮೂವತ್ತಮೂರು ವರ್ಷದಲ್ಲಿ ಅವಳು ಅದೇ ಹೆಸರು ಬರೆದು, ಬಣ್ಣ ಇಲ್ಲ ಅಂತ ಸೇರಿಸಿಟ್ಟ ಪೊಟ್ಟಣಗಳು ಒಂದಾದ ಮೇಲೊಂದು ಮೇಜಿಗೆ ಬಂದವು. ಅವೆಲ್ಲ ಬಡಪಾಯಿ ಪೊಟ್ಟಣಗಳು, ಬೇಕಾದಷ್ಟು ಬಟ್ಟಲಿದ್ದವು. ಮೊದಲನೆಯದಕ್ಕೆ ಕ್ಷಾರ, ಅಯೋಡಿನ್, ನೀಲಿ. ಎರಡನೆಯದು, ನೀಲಿ. ಐದನೆಯದರ ಹೊತ್ತಿಗೆ ದೊಡ್ಡಮ್ಮ ನಗತೊಡಗಿದಳು. ಮಾಮೂಲಿ ಬಿಳಿ ಬಟ್ಟಲು ನಮ್ಮ ಕಡೆ ಇಲ್ಲವೇ ಇಲ್ಲ ಅಂತ ಭಾಷಣ ಬೇರೆ ಮಾಡಿದ್ದೆನಲ್ಲೇ, ಚಪ್ಪಾಳೆ ತಟ್ಟಿದ್ದರಲ್ಲೇ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆ ಒಂದೆರಡು ಸಲ ಕಣ್ಣು ಒರೆಸಿಕೊಂಡಳು. ಕ್ಷಾರದ ಒಂದು ಹನಿ, ಒಂದೇ ಹನಿ ಹಾಕಿದ್ದರೆ ಆವತ್ತೇ ಗೊತ್ತಾಗುತ್ತಿತ್ತು, ಹಟಮಾರಿ ಮುಂಡೇದು ನಾನು ಅಂತ ತನ್ನನ್ನೇ ಬೈದುಕೊಂಡಳು. ಸಂಜೆಯಾಗುವ ಹೊತ್ತಿಗೆ ಹನ್ನೊಂದು ಪೊಟ್ಟಣ ಮುಗಿದಿತ್ತು, ಹನ್ನೊಂದೂ ನೀಲಿ.

ಸಂಪಾದಕರಿಗೆ ಕಾಗದ ಅಲ್ಲೇ ಬರೆಸಿದಳು. ನಮ್ಮ ಜಾತಿ ಜಾತಿಯಲ್ಲ, ಆ ಪುಟ ತೆಗೆದುಬಿಡಿ, ಹೇಗೆ ಮೋಸಹೋದೆ ಅನ್ನುವುದನ್ನು ಬೇಕಾದರೆ ನಾಲ್ಕು ಸಾಲಿನಲ್ಲಿ ಹಾಕಿ, ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೀತು. ಕನ್ನಡಕದವಳು ಬರೆದು ಮಡಿಸಿದಳು. ಅಮ್ಮನ ಪುಟ ಅಲ್ಲಿಗೆ ಮುಗಿಯಿತು.

ಉಳಿದದ್ದು ತಗಡಿನ ಪೆಟ್ಟಿಗೆಯ ಪೊಟ್ಟಣ. ಈ ಕೆಲಸದವರಲ್ಲಿ ಒಂದು ಪದ್ಧತಿ ಇದೆ. ಹಳೆಯ ಚೀಟಿ ತಪ್ಪು ಅಂತ ಗೊತ್ತಾದರೂ ಅದನ್ನು ಕೀಳುವಂತಿಲ್ಲ, ಒಂದಕ್ಷರ ಹೊಡೆದುಹಾಕುವಂತಿಲ್ಲ. ಕೆಳಗೆ ಹೊಸ ಚೀಟಿ ಅಂಟಿಸಿ, ಈಗ ಕಂಡದ್ದೇನು, ಕಂಡವರು ಯಾರು, ಯಾವತ್ತು ಅಂತ ಬರೆಯಬೇಕು. ದೊಡ್ಡಮ್ಮ ಹೇಳುತ್ತಾ ಹೋದಳು, ಇವಳು ಬರೆಯುತ್ತಾ ಹೋದಳು. ಮಾಮೂಲಿ ಬಿಳಿ ಬಟ್ಟಲಿನ ಲ್ಯಾಟಿನ್ ಹೆಸರು. ಅಯೋಡಿನ್ನಿಗೆ ಕೆಂಪು, ಕ್ಷಾರದ ನಂತರ ನೀಲಿ. ತಾರೀಕು. ಕಂಡವರು ಅನ್ನುವ ಕಡೆ ಇವಳು ಅಭ್ಯಾಸಬಲದಿಂದ ದೊಡ್ಡಮ್ಮನ ಹೆಸರಿನ ಮೊದಲಕ್ಷರ ಬರೆಯಲು ಹೊರಟಳು. ನಾಲ್ಕು ವರ್ಷದಿಂದ ಎಲ್ಲ ಚೀಟಿಯಲ್ಲೂ ಅದೇ ಹೆಸರು ಹೋಗುತ್ತಿತ್ತು.

"ನಂದಲ್ಲ," ಅಂದಳು ದೊಡ್ಡಮ್ಮ, ಪೆನ್ನಿನ ಸದ್ದು ಕೇಳಿಯೇ. "ನಾನು ಕಂಡಿಲ್ಲ. ಕಂಡವಳು ನೀನು. ನಿನ್ನ ಹೆಸರು ಬರಿ."

ಬರೆದಳು. ಅಂಟು ಸವರಿ, ದೊಡ್ಡಮ್ಮನ ಚೀಟಿಯ ಕೆಳಗೆ ಒತ್ತಿ ಹಿಡಿದಳು. ಎಲ್ಲಕ್ಕೂ ಮೇಲೆ ಅಮ್ಮನ ಹೆಸರು, ನಡುವೆ ದೊಡ್ಡಮ್ಮನದು, ಅದರಡಿ ತನ್ನದು. ಅಮ್ಮನ ಕೈಬರಹವಿರುವ ಕಾಗದದ ಮೇಲೆ ಅವಳು ತನ್ನ ಕೈಯಿಂದ ಏನಾದರೂ ಬರೆದದ್ದು ಅದೇ ಮೊದಲು. ಅಂಟು ಒಣಗುವ ತನಕ ಬೆರಳು ತೆಗೆಯಲಿಲ್ಲ.

ಈಗ ಓದು, ಮೇಲಿಂದ ಕೆಳಗಿನ ತನಕ ಎಲ್ಲ ಓದು ಅಂದಳು ದೊಡ್ಡಮ್ಮ. ಇವಳು ಓದಿದಳು. ಹೆಸರು, ತಾರೀಕು, ಲಾಂಡ್ರಿ ಹಿಂದೆ ಮೋರಿ ಪಕ್ಕ, ಒದ್ದೆ ಕಡ್ಡಿ ಮೇಲೆ, ಬೆಳ್ಳಗಿದೆ, ನೋಡೋಕೆ ಚೆನ್ನಾಗಿದೆ. ಅಲ್ಲಿಗೆ ಬಂದಾಗ ದೊಡ್ಡಮ್ಮ ನಿಲ್ಲು ಅಂತ ಕೈ ಎತ್ತಿದಳು.

"ನೋಡು, ಮೂರು ಜನ ಬರೆದಿದ್ದೀವಿ. ನಾನು ಬರೆದದ್ದು ತಪ್ಪಾಯ್ತು. ನೀನು ಬರೆದದ್ದನ್ನ ನಾಳೆ ಯಾರೋ ತಪ್ಪು ಅಂತಾರೆ. ಅವಳದ್ದನ್ನ ಮಾತ್ರ ಯಾರೂ ತಿದ್ದೋಕಾಗಲ್ಲ. ಕಂಡದ್ದನ್ನ ಕಂಡ ಹಾಗೆ ಬರೆದವಳು ನಿಮ್ಮಮ್ಮ ಒಬ್ಬಳೇ ಕಣೇ."

ಕನ್ನಡಕದವಳು ಆ ದುಂಡು ಅಕ್ಷರಗಳನ್ನು ಇನ್ನೊಂದು ಸಲ ಓದಿದಳು, ಈ ಸಲ ಮನಸ್ಸಿನಲ್ಲೇ. ಆಮೇಲೆ ಪೊಟ್ಟಣವನ್ನು ಹಳೆಯ ಗೆರೆಯ ಮೇಲೇ ಮಡಿಸಿದಳು. ಒಳಗೆ ಆರು ಬಟ್ಟಲು ಉಳಿದಿದ್ದವು. ಪೆಟ್ಟಿಗೆ ಮುಚ್ಚಿ ಕಪಾಟಿನಲ್ಲಿಟ್ಟು, ತಣ್ಣಗಾದ ಚಹಾವನ್ನು ಮತ್ತೆ ಬಿಸಿಮಾಡಲು ಅಡುಗೆಮನೆಗೆ ಹೋದಳು.